ಗುಂಟೆ ಹೋಗಿ ಅಡಿ ಬಂತು

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಸುಮಾರು 40 ಕಿ.ಮೀ. ದೂರದಲ್ಲಿ ಸಿಗುವ ಊರು ದೇವನಹಳ್ಳಿ. ವಿಮಾನ ನಿಲ್ದಾಣದ ತಿರುವು ದಾಟಿ ಮುಂದೆ ಬಂದವರಿಗೆ ಕೋಟೆಯ ಕಲ್ಲುಗೋಡೆ, ದೂರದಲ್ಲಿ ನಂದಿಬೆಟ್ಟದ ನೀಲಿ ನೆರಳು ಕಾಣುತ್ತವೆ. ಮುಖ್ಯರಸ್ತೆ ಬಿಟ್ಟು ಯಾವುದಾದರೂ ಹಳ್ಳಿಯ ಕಡೆ ಹೊರಳಿದರೆ ಕಣ್ಣಿಗೆ ಬೀಳುವ ನೋಟವೇ ಬೇರೆ. ಒಂದು ಹೊಲದಲ್ಲಿ ರಾಗಿ ತೆನೆ ತೂಗುತ್ತಿದ್ದರೆ ಪಕ್ಕದ ಹೊಲದಲ್ಲಿ ಸಾಲಾಗಿ ನೆಟ್ಟ ಕಲ್ಲುಗಳು. ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದ ಅಂಕಿಗಳು. ಬದುವಿನ ಮೇಲೆ ಬೇಲಿಯ ಬದಲು ಒಂದು ಫಲಕ: ‘ಸೈಟುಗಳು ಮಾರಾಟಕ್ಕಿವೆ’. ಈ ಎರಡರ ಮೇಲೂ ಒಂದೇ ವಿಮಾನ ಗುಡುಗುತ್ತಾ ಇಳಿದುಹೋಗುತ್ತದೆ.

ಈ ಸೀಮೆಯಲ್ಲಿ ನೆಲದ ಅಳತೆಯ ಭಾಷೆಯೇ ಬದಲಾಗಿದೆ. ಅಜ್ಜನ ಕಾಲಕ್ಕೆ ಭೂಮಿ ಎಂದರೆ ಎಕರೆ ಮತ್ತು ಗುಂಟೆ. ಮೊಮ್ಮಗನ ಕಾಲಕ್ಕೆ ಅದು ಚದರಡಿ. ಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕವಿದು. 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆಗೆ 1,089 ಚದರಡಿ. ಅಂದರೆ ಎಕರೆಗೆ 43,560 ಚದರಡಿ. ರಸ್ತೆ, ಚರಂಡಿ, ಉದ್ಯಾನಗಳಿಗೆ ಅರ್ಧ ಬಿಟ್ಟರೆಂದೇ ಇಟ್ಟುಕೊಳ್ಳಿ. ಉಳಿದದ್ದರಲ್ಲಿ 30–40ರ ಅಳತೆಯ 18 ನಿವೇಶನ ಸಿಗುತ್ತವೆ. ರೈತ ಮಾರುವುದು ಎಕರೆ ಲೆಕ್ಕದಲ್ಲಿ, ಕೊನೆಗೆ ಕೊಳ್ಳುವವನು ಕೊಡುವುದು ಅಡಿ ಲೆಕ್ಕದಲ್ಲಿ. ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲೇ ಹಲವರ ಬದುಕು ಹಸನಾಗಿದೆ. ಆ ಹಲವರಲ್ಲಿ ರೈತರು ಕಡಿಮೆ.

ಗಾಡಿಯಲ್ಲಿ ಬಂದವರು

ನೆಲವನ್ನು ಹುಡುಕಿಕೊಂಡು ಬರುವವರು ಈ ಊರಿಗೆ ಹೊಸಬರಲ್ಲ. ದೇವನಹಳ್ಳಿಯಿಂದ ಮುಂದೆ ಅದೇ ಬಳ್ಳಾರಿ ರಸ್ತೆಯಲ್ಲಿ ಆವತಿ ಎಂಬ ಹಳ್ಳಿಯಿದೆ. ಕಂಚಿಯ ಕಡೆಯಿಂದ ಎತ್ತಿನ ಗಾಡಿಗಳಲ್ಲಿ ಹೊರಟುಬಂದ ರಣಭೈರೇಗೌಡ ಮತ್ತವನ ಬಂಧುಗಳು ಇಲ್ಲಿ ಬೀಡುಬಿಟ್ಟರು, ಅವರ ಸಂತತಿಯೇ ಸುತ್ತಮುತ್ತಲ ನಾಡಪ್ರಭುಗಳಾದರು ಎಂಬುದು ಸ್ಥಳಪುರಾಣ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನದ ಮೂಲವೂ ಇಲ್ಲಿಯದೇ ಎನ್ನುತ್ತಾರೆ. ಅದೇ ಮನೆತನದ ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. 1749ರಲ್ಲಿ ಮೈಸೂರಿನ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿದಾಗ ಹೈದರಾಲಿ ಮೊದಲ ಬಾರಿಗೆ ಹೆಸರು ಮಾಡಿದ. ಮರುವರ್ಷ ಟಿಪ್ಪು ಹುಟ್ಟಿದ್ದು ಇದೇ ಊರಿನಲ್ಲಿ. ಕೋಟೆಯ ಹೊರಗಿರುವ ಪುಟ್ಟ ಕಂಬದ ಮಂಟಪ ಆ ಜನ್ಮಸ್ಥಳದ ಗುರುತು.

ಕೋಟೆಗಿಂತಲೂ ಊರಿಗೆ ಹೆಸರು ತಂದದ್ದು ಚಕ್ಕೋತ. ಸಿಪ್ಪೆ ಸುಲಿದರೆ ಕೆಂಪಗಿನ ತೊಳೆ, ಬಾಯಿಗಿಟ್ಟರೆ ಹುಳಿಯ ಸುಳಿವಷ್ಟೇ ಇರುವ ಸಿಹಿ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಮಾನ್ಯತೆ ದೊರೆತಿದೆ. ಈ ಭಾಗದ ಕಪ್ಪು ದ್ರಾಕ್ಷಿ ‘ಬೆಂಗಳೂರು ಬ್ಲೂ’ಗೂ ಅದೇ ಗೌರವ ಸಂದಿದೆ. ವಿಜಯಪುರದ ರೇಷ್ಮೆಗೂಡು, ಮನೆಮನೆಯ ಹಾಲು, ರಾಗಿ, ತರಕಾರಿ... ಹೊಳೆ ಇಲ್ಲದ ನಾಡು ಬರೀ ಕೆರೆ, ಬಾವಿ ಮತ್ತು ಬೆವರು ನಂಬಿ ಬೆಳೆದದ್ದು ಇಷ್ಟು. ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ ಬೆವರಿನ ಬೆಲೆ ಇಳಿಯಿತು. ಅದೇ ಹೊತ್ತಿಗೆ ನೆಲದ ಬೆಲೆ ಏರಿತು.

ರೆಕ್ಕೆ ಬಂದ ನೆಲ

1990ರ ದಶಕದಲ್ಲಿ ಹೊಸ ವಿಮಾನ ನಿಲ್ದಾಣಕ್ಕೆ ಈ ಜಾಗ ಗೊತ್ತಾಯಿತು. ಸುಮಾರು 4,000 ಎಕರೆ ನೆಲ ಅದಕ್ಕೆ ಹೋಯಿತು. 2008ರ ಮೇ ತಿಂಗಳಲ್ಲಿ ವಿಮಾನಗಳು ಇಳಿಯತೊಡಗಿದವು. 2013ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಾಯಿತು. 2022ರ ನವೆಂಬರ್‌ನಲ್ಲಿ ಎರಡನೆಯ ಟರ್ಮಿನಲ್ ಮತ್ತು 108 ಅಡಿಯ ಕೆಂಪೇಗೌಡರ ಪ್ರತಿಮೆ ಒಂದೇ ದಿನ ಉದ್ಘಾಟನೆಗೊಂಡವು. ಗಾಡಿಯಲ್ಲಿ ಬಂದವರ ವಂಶಜನ ಹೆಸರು ವಿಮಾನಗಳ ಊರಿಗೆ ಬಂತು!

ಸರ್ಕಾರ ವಶಪಡಿಸಿಕೊಂಡ ನೆಲದ ಕಥೆ ಒಂದಾದರೆ, ಅದರ ಸುತ್ತ ಜನರೇ ಮಾರಿಕೊಂಡ ನೆಲದ ಕಥೆ ಇನ್ನೊಂದು. ಮಗಳ ಮದುವೆಗೆ ಹತ್ತು ಗುಂಟೆ, ಮಗನ ಎಂಜಿನಿಯರಿಂಗ್ ಸೀಟಿಗೆ ಇಪ್ಪತ್ತು ಗುಂಟೆ, ಆಸ್ಪತ್ರೆಯ ಬಿಲ್ಲಿಗೆ ಐದು ಗುಂಟೆ. ಒಂದು ಕುಟುಂಬದ ಚರಿತ್ರೆಯನ್ನು ಅದರ ಪಹಣಿಯಲ್ಲೇ ಓದಬಹುದು. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದವು. ಅಲ್ಲಿಯವರೆಗೆ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆ ಹೋಯಿತು. ಕೊಳ್ಳುವವರ ಸಾಲು ಇನ್ನೂ ಉದ್ದವಾಯಿತು.

ಎಲ್ಲರೂ ಮಾರಲು ಸಿದ್ಧರಿರಲಿಲ್ಲ ಎಂಬುದಕ್ಕೂ ಈ ತಾಲ್ಲೂಕೇ ಸಾಕ್ಷಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವೈಮಾನಿಕ ಉದ್ಯಮಗಳಿಗಾಗಿ ಪಡೆಯಲು 2021ರಲ್ಲಿ ಅಧಿಸೂಚನೆ ಹೊರಟಿತು. 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕುಳಿತರು. ಮೂರು ವರ್ಷ ಮೀರಿ ಧರಣಿ ನಡೆಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿರುವುದಾಗಿ, ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನಷ್ಟೇ ಪಡೆಯುವುದಾಗಿ ಪ್ರಕಟಿಸಿದರು. ಕೊಡಲು ಒಪ್ಪಿದ್ದ ರೈತರೂ ಅದೇ ಹೋಬಳಿಯಲ್ಲಿದ್ದರು. ಬೇಡವೆನ್ನುವ ಹಕ್ಕಿದ್ದಂತೆ ಮಾರುವ ಹಕ್ಕೂ ರೈತನದೇ. ಹಾಗಾದರೆ ಮಾರುವವನು ಹೇಗೆ ಮಾರಬೇಕು ಎಂಬ ಪ್ರಶ್ನೆ ಉಳಿಯಿತು.

ಕೈಗೆ ಬಂದ ಕಂತೆ

ದೇವನಹಳ್ಳಿಯೇ ಆಗಬೇಕಿಲ್ಲ, ನೋಂದಣಿ ಕಚೇರಿ ಇರುವ ಯಾವ ಊರಿನಲ್ಲೂ ಈ ಮಾತು ಕಿವಿಗೆ ಬೀಳುತ್ತದೆ: ‘ಪತ್ರದಲ್ಲಿ ಇಷ್ಟು, ಕೈಗೆ ಇಷ್ಟು.’ ಪತ್ರದಲ್ಲಿ ಕಾಣುವುದು ಸರ್ಕಾರದ ಮಾರ್ಗಸೂಚಿ ಬೆಲೆ. ಉಳಿದದ್ದು ಚೀಲದಲ್ಲಿ ನಗದು. ಕಂತೆ ಎಣಿಸುವಾಗ ಅದು ಲಾಭದಂತೆಯೇ ಕಾಣುತ್ತದೆ. ಆದರೆ ಲಾಭ ಯಾರಿಗೆ?

ಮುದ್ರಾಂಕ ಶುಲ್ಕ ಕಟ್ಟುವವನು ಸಾಮಾನ್ಯವಾಗಿ ಕೊಳ್ಳುವವನು. ಬೆಲೆ ಕಡಿಮೆ ತೋರಿಸಿದರೆ ಉಳಿತಾಯ ಅವನದು. ಲೆಕ್ಕಕ್ಕೆ ಸಿಗದ ಹಣಕ್ಕೆ ಜಾಗ ಬೇಕಾಗಿರುವುದೂ ಅವನಿಗೇ. ರೈತನಿಗೋ, ನಿಜವಾದ ಗ್ರಾಮೀಣ ಕೃಷಿಭೂಮಿಯಾಗಿದ್ದರೆ — ಅಂದರೆ ಪುರಸಭೆ, ನಗರಸಭೆಗಳ ಗಡಿಯಿಂದ, ಅಲ್ಲಿನ ಜನಸಂಖ್ಯೆಗೆ ತಕ್ಕಂತೆ 2, 6 ಅಥವಾ 8 ಕಿ.ಮೀ. ಆಚೆ ಇದ್ದರೆ — ಆ ಮಾರಾಟದ ಲಾಭಕ್ಕೆ ಆದಾಯ ತೆರಿಗೆಯೇ ಇಲ್ಲ. ಮುಚ್ಚಿಡಲು ಅವನಿಗೆ ಕಾರಣವೇ ಇಲ್ಲದಿರುವಾಗ ಇನ್ನೊಬ್ಬರ ಗುಟ್ಟನ್ನು ಅವನು ಹೊರುತ್ತಾನೆ.

ಆ ಹೊರೆ ಸಣ್ಣದಲ್ಲ. 2015ರಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ. ಮುಂಗಡಕ್ಕೂ ಇದು ಅನ್ವಯ. ಪಡೆದ ಮೊತ್ತದಷ್ಟೇ ದಂಡ ಬೀಳಬಹುದು. ಆ ದಂಡ ಕೊಟ್ಟವನಿಗಲ್ಲ, ಪಡೆದವನಿಗೆ! ಕೊಡುವವನೂ ಕೊಳ್ಳುವವನೂ ಬರೀ ಕೃಷಿ ಆದಾಯದವರಾಗಿ, ಇಬ್ಬರಿಗೂ ತೆರಿಗೆ ಬೀಳುವ ಆದಾಯ ಇಲ್ಲದಿದ್ದರೆ ಮಾತ್ರ ವಿನಾಯಿತಿ. ವ್ಯವಹಾರ ಮುರಿದು ಕೋರ್ಟಿಗೆ ಹೋದರೆ ನ್ಯಾಯಾಧೀಶರ ಮುಂದೆ ಇರುವುದು ಪತ್ರದಲ್ಲಿನ ಅಂಕಿ. ಚೀಲಕ್ಕೆ ಸಾಕ್ಷಿ ಹೇಳುವವರಿಲ್ಲ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟುಗಳು ರದ್ದಾದಾಗ ಬೀರುವಿನ ಕಂತೆ ಕಾಗದವಾಗುವ ಭಯ ಎಂಥದೆಂದು ಹಳ್ಳಿಗಳೂ ಕಂಡವು.

ಇದಕ್ಕಿಂತ ದೊಡ್ಡ ನಷ್ಟ ಕಾನೂನಿನ ಪುಸ್ತಕದಲ್ಲಿಲ್ಲ. ಬ್ಯಾಂಕಿನಲ್ಲಿರುವ ಹಣಕ್ಕೆ ಬಾಗಿಲಿದೆ, ತೆಗೆಯುವ ಮೊದಲು ಒಂದು ಯೋಚನೆ ಬರುತ್ತದೆ. ಬೀರುವಿನಲ್ಲಿರುವ ಹಣ ಕರೆಯದೆಯೇ ಎದ್ದುಬರುತ್ತದೆ. ಮೊದಲು ಮನೆಯ ಮುಂದೆ ಕಾರು, ಆಮೇಲೆ ಮನೆಯ ಮೇಲೊಂದು ಮನೆ, ಅದ್ದೂರಿ ಮದುವೆ, ನೆಂಟರಿಗೆ ಕೈಸಾಲ. ಮಗಳ ಕಾಲೇಜಿಗೆಂದು ಮಾರಿದ ನೆಲದ ದುಡ್ಡು ಅವಳು ಕಾಲೇಜು ಮುಗಿಸುವ ಮೊದಲೇ ಮುಗಿದುಹೋಗುವುದುಂಟು. ವರ್ಷಕ್ಕೊಮ್ಮೆ ಸ್ವಲ್ಪವೇ ಕೊಡುತ್ತಿದ್ದ ಹೊಲ ಒಂದೇ ಸಲ ಎಲ್ಲವನ್ನೂ ಕೊಟ್ಟು ಸುಮ್ಮನಾಗುತ್ತದೆ. ಬಂದ ಹಣದಿಂದ ದೂರದ ತಾಲ್ಲೂಕಿನಲ್ಲಿ ಬೇರೆ ಜಮೀನು ಕೊಂಡವರು, ಮಕ್ಕಳ ಹೆಸರಿನಲ್ಲಿ ಠೇವಣಿ ಇಟ್ಟವರು ನಿಂತಿದ್ದಾರೆ.

ಮನೆಯ ಮೊದಲ ಓದುಗ

ಇಲ್ಲಿ ವಿದ್ಯಾರ್ಥಿಗಳ ಪಾತ್ರ ಬರುತ್ತದೆ. ಪಿಯುಸಿಯೋ ಪದವಿಯೋ ಓದುತ್ತಿರುವ ಹುಡುಗಿಗೆ ಹಾಸ್ಟೆಲಿಗೆ ಫೋನು ಬರುತ್ತದೆ: ‘ಒಂದು ದಿನ ರಜೆ ಹಾಕಿ ಬಾ, ಒಂದು ಸಹಿ ಬೇಕು.’ ಬರುತ್ತಾಳೆ, ಫೋಟೋಕ್ಕೆ ಮುಖ ಕೊಡುತ್ತಾಳೆ, ಹೆಬ್ಬೆರಳೊತ್ತುತ್ತಾಳೆ, ಸಂಜೆಯ ಬಸ್ಸಿಗೆ ಮರಳುತ್ತಾಳೆ. ಆ ಕಾಗದದಲ್ಲಿ ಏನಿತ್ತೆಂದು ಅವಳು ಕೇಳಿರುವುದಿಲ್ಲ, ಯಾರೂ ಹೇಳಿರುವುದಿಲ್ಲ.

ಆ ಸಹಿ ಬೇಕಾದದ್ದೇಕೆ? ಪಿತ್ರಾರ್ಜಿತ ಆಸ್ತಿಯಲ್ಲಿ ಅವಳಿಗೂ ಪಾಲಿದೆ, ಅದಕ್ಕೆ. ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಈ ಬಗ್ಗೆ ಕಾನೂನು ಮಾಡಿತ್ತು. 2005ರ ಕೇಂದ್ರ ತಿದ್ದುಪಡಿ ಮಗನಿಗೆ ಸಮನಾದ ಹಕ್ಕನ್ನು ಹುಟ್ಟಿನಿಂದಲೇ ಕೊಟ್ಟಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅವಳು ಸಹಿ ಹಾಕಿದ್ದು ಕ್ರಯಪತ್ರಕ್ಕೋ, ಹಕ್ಕು ಬಿಡುಗಡೆ ಪತ್ರಕ್ಕೋ? ಎರಡಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ಅವಳು ಮಾರಾಟಗಾರಳು, ಹಣದಲ್ಲೂ ಪಾಲುದಾರಳು. ಎರಡನೆಯದರಲ್ಲಿ ತನ್ನ ಪಾಲನ್ನೇ ಮನೆಯವರಿಗೆ ಬಿಟ್ಟುಕೊಟ್ಟವಳು. ಪ್ರೀತಿಯಿಂದ ಬಿಟ್ಟುಕೊಡಬಹುದು, ತಪ್ಪೇನಿಲ್ಲ. ಬಿಟ್ಟುಕೊಡುತ್ತಿದ್ದೇನೆಂದು ತಿಳಿದಿರಬೇಕು, ಅಷ್ಟೆ.

ತಂದೆ ಓದಿರದ ಮನೆಗಳಲ್ಲಿ ಪತ್ರ ಓದಬಲ್ಲವರು ಮಕ್ಕಳೇ. ಪಠ್ಯಪುಸ್ತಕದಷ್ಟು ಕಷ್ಟವೇನೂ ಅಲ್ಲ. ನೋಡಬೇಕಾದದ್ದು ಇಷ್ಟು:

* ಪಹಣಿಯಲ್ಲಿ ಯಾರ ಹೆಸರಿದೆ, ಎಷ್ಟು ಗುಂಟೆ ಇದೆ? ‘ಭೂಮಿ’ ಜಾಲತಾಣದಲ್ಲಿ ಮೊಬೈಲ್‌ನಲ್ಲೇ ಕಾಣುತ್ತದೆ.

* ಸಾಲ, ಹಳೆಯ ಕ್ರಯ, ಅಡಮಾನ ಇವೆಯೇ? ಋಣಭಾರ ಪತ್ರ ಹೇಳುತ್ತದೆ.

* ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ? ಹಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ.

* ಕೇಳುತ್ತಿರುವುದು ಕ್ರಯಪತ್ರವೋ, ಕರಾರುಪತ್ರವೋ, ಜಿಪಿಎಯೋ? ಕರಾರು ಮಾಡಿಕೊಂಡು ಅಲ್ಪ ಮುಂಗಡಕ್ಕೆ ವರ್ಷಗಟ್ಟಲೆ ಜಮೀನು ಕಟ್ಟಿಹಾಕಿಕೊಂಡ ರೈತರಿದ್ದಾರೆ. ಬರೀ ಜಿಪಿಎಯಿಂದ ಒಡೆತನ ವರ್ಗವಾಗದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

* ಪೂರ್ತಿ ಹಣ ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಬಂದಿದೆಯೇ? ಆ ಚೆಕ್ಕಿನ ಸಂಖ್ಯೆ ಪತ್ರದಲ್ಲಿದೆಯೇ?

ನಿವೇಶನ ಕೊಳ್ಳುವ ಪಟ್ಟಣದ ಪಾಲಕರಿಗೂ ಇದೇ ಪಾಠ. ಭೂಪರಿವರ್ತನೆ ಆಗದ, ಯೋಜನಾ ಪ್ರಾಧಿಕಾರದ ಒಪ್ಪಿಗೆ ಇಲ್ಲದ ಬಡಾವಣೆಯ ಸೈಟು ಅಗ್ಗಕ್ಕೆ ಸಿಗುತ್ತದೆ. ಖಾತೆ, ಬ್ಯಾಂಕ್ ಸಾಲ, ನೀರು ಸಿಗುವುದು ಕಷ್ಟ. ಜೀವಮಾನದ ಉಳಿತಾಯ ಕಲ್ಲಿನ ಮೇಲಿನ ಅಂಕಿಯಾಗಿ ಉಳಿಯುತ್ತದೆ.

ಮಾರಾಟಕ್ಕಿಲ್ಲದ ನೆಲ

ದೇವನಹಳ್ಳಿ ತಾಲ್ಲೂಕಿಗೆ ಪ್ರವಾಸ ಬರುವ ಶಾಲಾಮಕ್ಕಳು ಕೋಟೆ, ನಂದಿಬೆಟ್ಟದ ಜೊತೆ ನಲ್ಲೂರಿನ ಹುಣಸೆ ತೋಪನ್ನೂ ನೋಡಬೇಕು. ಐವತ್ತಕ್ಕೂ ಹೆಚ್ಚು ಎಕರೆಯಲ್ಲಿ ಹರಡಿರುವ ತೋಪಿನಲ್ಲಿ ಶತಮಾನಗಳ ಮುದಿ ಮರಗಳು ಬಿದ್ದಲ್ಲೇ ಚಿಗುರಿ ನಿಂತಿವೆ. 2007ರಲ್ಲಿ ಇದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಇಲ್ಲಿ ಸೈಟಿನ ಕಲ್ಲು ಬರುವಂತಿಲ್ಲ.

ಎಲ್ಲ ನೆಲವೂ ಹೀಗೆ ಉಳಿಯಬೇಕೆಂದು ಹಟ ಹಿಡಿಯಲಾಗದು. ಊರು ಬೆಳೆಯುತ್ತದೆ, ಮಕ್ಕಳು ಓದಬೇಕು, ಸಾಲ ತೀರಬೇಕು. ಮಾರುವ ಮನೆಗಳು ಮಾರುತ್ತವೆ. ಆದರೆ ಸಹಿಗೆ ಮೊದಲು ಹಳೆಯ ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳುವುದು ಒಳ್ಳೆಯದು. ಅದರ ಕೊನೆಯಲ್ಲಿ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ದಾಯಾದಿಯ ಹೊಲ, ಪಶ್ಚಿಮಕ್ಕೆ ಕಾಲುದಾರಿ, ಉತ್ತರಕ್ಕೆ ಕೆರೆಯಂಗಳ, ದಕ್ಷಿಣಕ್ಕೆ ಹುಣಸೆಮರ. ಮುಂದಿನ ಪತ್ರದಲ್ಲಿ ನಾಲ್ಕು ದಿಕ್ಕಿಗೂ ಬರೀ ಸೈಟಿನ ನಂಬರು, 30 ಅಡಿ ರಸ್ತೆ. ಈ ಎರಡು ಪತ್ರಗಳ ನಡುವೆ ಹೋದದ್ದೇನು, ಬಂದದ್ದೇನು ಎಂದು ಮನೆಮಂದಿಯೆಲ್ಲ ಕೂತು ಲೆಕ್ಕ ಹಾಕಲಿ. ಪೆನ್ನಿನ ಮುಚ್ಚಳ ತೆಗೆಯುವುದು ಆಮೇಲಾಗಲಿ.