ಕಬ್ಬಿನ ಊರಿನಲ್ಲೊಂದು ಸ್ಪಿಟ್‌ಫೈರ್

ಕಬ್ಬು ಕಟಾವಿನ ದಿನಗಳಲ್ಲಿ ನಮ್ಮ ತಿಮ್ಮಾಪುರದಲ್ಲಿ ಬಿಳಿಯ ಅಂಗಿಯನ್ನು ಹೊರಗೆ ಒಣಹಾಕುವವರು ಧೈರ್ಯವಂತರೇ ಇರಬೇಕು. ಯಾರೋ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿರುತ್ತಾರೆ. ಸುಟ್ಟ ಎಲೆಯ ಕಪ್ಪು ಎಳೆಗಳು ಗಾಳಿಯಲ್ಲಿ ತೇಲಿ ಬಂದು ಅಂಗಳದಲ್ಲಿ, ಹಪ್ಪಳದ ಮೇಲೆ, ನೀರಿನ ಕೊಡದಲ್ಲಿ ಸದ್ದಿಲ್ಲದೆ ಇಳಿಯುತ್ತವೆ. ಈ ಸಲ ಅವು ಇಳಿದದ್ದು ನನ್ನ ವಿಮಾನದ ರೆಕ್ಕೆಯ ಮೇಲೆ. ಹಸಿರು ಬಣ್ಣ ಇನ್ನೂ ಹಸಿಯಾಗಿತ್ತು. ಒರೆಸಲು ಹೋದರೆ ಕಪ್ಪು ಗೀರು ಬಿತ್ತು. ಒಣಗುವ ತನಕ ಎರಡು ದಿನ ಬಿಟ್ಟು, ನೀರು ಕಾಗದದಿಂದ ತಿಕ್ಕಿ, ಮತ್ತೆ ಮೊದಲಿನಿಂದ ಬಣ್ಣ ಹಚ್ಚಬೇಕಾಯಿತು. ಅಂದಿನಿಂದ ನಮ್ಮ ವಿಮಾನದ ಕಾರ್ಖಾನೆ ಪಡಸಾಲೆಯಿಂದ ಒಳಕೋಣೆಗೆ ಸ್ಥಳಾಂತರವಾಯಿತು.

ವಿಮಾನವೆಂದರೆ ಆಟಿಕೆಯ ವಿಮಾನ. ಆದರೆ ಹಾಗೆಂದು ಕರೆದರೆ ನನ್ನ ಜೊತೆಗಿರುವ ಐದು ಹುಡುಗರಿಗೆ ಸಿಟ್ಟು ಬರುತ್ತದೆ. ಅದು ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಯುದ್ಧವಿಮಾನದ ಅಳತೆಬದ್ಧ ಪ್ಲಾಸ್ಟಿಕ್ ಮಾದರಿ. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುತ್ತದೆ. ಕತ್ತರಿಸಿ, ತಿಕ್ಕಿ, ಅಂಟಿಸಿ, ಬಣ್ಣ ಹಚ್ಚಿಕೊಳ್ಳುವ ಕೆಲಸ ನಮ್ಮದು.

ಅದು ನನ್ನ ಕೈಗೆ ಬಂದದ್ದು ಹೀಗೆ. ಕಳೆದ ದಸರೆ ರಜೆಯಲ್ಲಿ ಮಗಳ ಮನೆಗೆಂದು ಬೆಂಗಳೂರಿಗೆ ಹೋದಾಗ, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. 2001ರಲ್ಲಿ ಆರಂಭವಾದ ಈ ಸಂಗ್ರಹಾಲಯವನ್ನು ಮಕ್ಕಳಿರುವವರು ಒಮ್ಮೆ ನೋಡಲೇಬೇಕು. ವಾಲಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಕಟ್ಟಿದ ಕಂಪನಿ ಅದು. ಯುದ್ಧದ ದಿನಗಳಲ್ಲಿ ಅಲ್ಲಿ ಅಮೆರಿಕದ ವಿಮಾನಗಳ ಜೋಡಣೆ, ದುರಸ್ತಿ ನಡೆದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿಗೆ ತಂದು ನಮ್ಮವರೇ ಸಜ್ಜುಗೊಳಿಸಿದರು. ಅವು 1968ರ ಕೊನೆಯವರೆಗೂ ನಮ್ಮ ವಾಯುಪಡೆಯಲ್ಲಿ ಹಾರಿದವು. ಗುಜರಿಗೆ ಹೋಗಬೇಕಿದ್ದ ಯಂತ್ರಕ್ಕೆ ಇಪ್ಪತ್ತು ವರ್ಷ ಹೆಚ್ಚಿನ ಆಯುಷ್ಯ!

ಅಲ್ಲಿ ನಾನು ಬಹಳ ಹೊತ್ತು ನಿಂತದ್ದು ಎಚ್‌ಟಿ-2 ಎಂಬ ಪುಟ್ಟ ತರಬೇತಿ ವಿಮಾನದ ಮುಂದೆ. 1951ರಲ್ಲಿ ಮೊದಲ ಬಾರಿ ಹಾರಿದ ಇದರ ವಿನ್ಯಾಸಕಾರ ಡಾ. ವಿ. ಎಂ. ಘಾಟಗೆ. ನಮಗೆ ದೂರದವರಲ್ಲ, ಕೊಲ್ಲಾಪುರದ ಕಡೆಯವರು. ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಮಹಾವಿಜ್ಞಾನಿಯ ಕೈಕೆಳಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವರು. ಈ ಪ್ರಾಂಟ್ಲ್ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಮರುದಿನ ಅಂಗಡಿಯೊಂದರಲ್ಲಿ ಸ್ಪಿಟ್‌ಫೈರಿನ ಪೆಟ್ಟಿಗೆ ಕಂಡಿತು. ಬೆಲೆ ಕೇಳಿ ಕೆಳಗಿಟ್ಟೆ. ಒಂದು ಜೊತೆ ಒಳ್ಳೆಯ ಬೂಟು ಬರುತ್ತಿತ್ತು. ಹೊರಗೆ ಬಂದು ಚಹಾ ಕುಡಿದು, ಮತ್ತೆ ಒಳಗೆ ಹೋಗಿ ಕೊಂಡೆ. ಮುಧೋಳದ ಬಸ್ಸಿನಲ್ಲಿ ರಾತ್ರಿಯಿಡೀ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದ ನನ್ನನ್ನು ನೋಡಿ ಮನೆಯವಳು, ‘ಸೀರಿ ತಂದೀರೇನು?’ ಎಂದು ಕೇಳಿದಳು. ಆ ಪ್ರಸಂಗವನ್ನು ಇಲ್ಲಿಗೇ ಬಿಡೋಣ.

ಪೆಟ್ಟಿಗೆಯ ಮೇಲೆ 1:72 ಎಂದು ಬರೆದಿತ್ತು. ಇದೆಂಥ ವಿಚಿತ್ರ ಸಂಖ್ಯೆ ಎಂದು ಹುಡುಗರು ಕೇಳಿದರು. ಒಂದು ಅಡಿಗೆ ಹನ್ನೆರಡು ಇಂಚು, ಆರು ಅಡಿಗೆ ಎಪ್ಪತ್ತೆರಡು. ಅಂದರೆ ಆರಡಿ ಎತ್ತರದ ಆಳು ಇಲ್ಲಿ ಒಂದು ಇಂಚಾಗುತ್ತಾನೆ. ಸ್ಪಿಟ್‌ಫೈರಿನ ರೆಕ್ಕೆಯ ತುದಿಯಿಂದ ತುದಿಗೆ 11.23 ಮೀಟರ್, ನಮ್ಮದರಲ್ಲಿ 15.6 ಸೆಂಟಿಮೀಟರ್. ಇಷ್ಟು ಎಲ್ಲರಿಗೂ ತಿಳಿಯಿತು. ಹಾಗಾದರೆ ತೂಕ? ನಿಜವಾದ ವಿಮಾನ ಹಾರುವಾಗ ಸುಮಾರು ಮೂರು ಸಾವಿರ ಕೆ.ಜಿ. ಅದನ್ನು 72ರಿಂದ ಭಾಗಿಸಿದ ಹುಡುಗ ನಲವತ್ತೊಂದು ಕೆ.ಜಿ. ಎಂದು ಹೇಳಿ ತಾನೇ ನಕ್ಕ. ಉದ್ದ, ಅಗಲ, ಎತ್ತರ ಮೂರೂ ಕುಗ್ಗಿವೆಯಲ್ಲ, ಆದ್ದರಿಂದ 72ನ್ನು ಮೂರು ಸಲ ಗುಣಿಸಿ ಭಾಗಿಸಬೇಕು. 3,73,248ರಿಂದ ಭಾಗಿಸಿದರೆ ಬರುವುದು ಬರೀ ಎಂಟು ಗ್ರಾಂ! ಪತ್ತಾರರ ತಕ್ಕಡಿಯಲ್ಲಿ ತೂಗಿದಾಗ ನಮ್ಮ ಮಾದರಿ ಇಪ್ಪತ್ತು ಗ್ರಾಂ ದಾಟಿತು. ನಿಜವಾದ ವಿಮಾನ ಒಳಗೆ ಎಷ್ಟು ಟೊಳ್ಳು, ಅದರ ಹೊರತಗಡು ಎಷ್ಟು ತೆಳು ಎಂಬುದನ್ನು ನಾನು ಹೇಳಬೇಕಾಗಲಿಲ್ಲ, ತಕ್ಕಡಿಯೇ ಹೇಳಿತು. ಘನಫಲದ ಪಾಠವನ್ನು ಇಷ್ಟು ವರ್ಷ ಕರಿಹಲಗೆಯ ಮೇಲೆ ಮಾಡಿದ್ದೇನೆ. ಇಷ್ಟು ಚೆನ್ನಾಗಿ ಒಮ್ಮೆಯೂ ಮುಟ್ಟಿರಲಿಲ್ಲ.

ಅಂಟಿನ ಕತೆಯೂ ಹಾಗೆಯೇ. ಮರಕ್ಕೆ ಹಚ್ಚುವ ಬಿಳಿ ಅಂಟು ಇಲ್ಲಿ ನಡೆಯುವುದಿಲ್ಲ. ಅದರ ನೀರು ಮರದ ರಂಧ್ರಗಳಿಗೆ ಇಳಿದು ಒಣಗಬೇಕು, ಪ್ಲಾಸ್ಟಿಕ್ಕಿನಲ್ಲಿ ರಂಧ್ರಗಳೆಲ್ಲಿ? ಈ ಮಾದರಿಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ನಮ್ಮ ಥರ್ಮೋಕೋಲ್ ಕೂಡ ಅದೇ ವಸ್ತು, ಉಬ್ಬಿಸಿದ್ದು ಅಷ್ಟೆ. ಇದರ ಅಂಟು ನಿಜವಾಗಿ ಅಂಟಲ್ಲ, ದ್ರಾವಕ. ಎರಡೂ ಅಂಚುಗಳನ್ನು ತುಸು ಕರಗಿಸಿ, ಒಂದರೊಳಗೊಂದು ಬೆರೆಸಿ, ತಾನು ಆವಿಯಾಗಿ ಹೋಗುತ್ತದೆ. ಅದರ ಒಂದು ಹನಿಯನ್ನು ಥರ್ಮೋಕೋಲ್ ಮೇಲೆ ಬಿಟ್ಟು ತೋರಿಸಿದೆ. ನೋಡನೋಡುತ್ತ ತೂತು ಬಿತ್ತು. (ಕಿಟಕಿ ತೆರೆದಿರಬೇಕು, ಹತ್ತಿರ ದೀಪ ಇರಬಾರದು, ದೊಡ್ಡವರು ಜೊತೆಗಿರಬೇಕು. ತಂದೆತಾಯಿಗಳು ಇದನ್ನು ಗಮನಿಸಬೇಕು.) ಬೇರೊಂದು ದಿನ, ದ್ರಾವಕವನ್ನು ದೂರವಿಟ್ಟು, ಬಿಡಿಭಾಗಗಳನ್ನು ಹಿಡಿದಿದ್ದ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಮೇಣದ ಬತ್ತಿಯ ಮೇಲೆ ಮೆತ್ತಗೆ ಮಾಡಿ ಎಳೆದೆವು. ಕೂದಲಿಗಿಂತ ತೆಳ್ಳಗಿನ ತಂತಿ ಬಂತು. ಬೆಲ್ಲದ ಗಾಣದಲ್ಲಿ ಪಾಕದ ಎಳೆ ನೋಡಿ ಬೆಳೆದ ಮಕ್ಕಳಿಗೆ ಇದು ತಕ್ಷಣ ಹಿಡಿಯಿತು. ಯಾವಾಗ ಎಳೆಯಬೇಕು ಎಂಬುದನ್ನು ನನಗಿಂತ ಚೆನ್ನಾಗಿ ಅವರೇ ಬಲ್ಲರು.

ರೆಕ್ಕೆ ಜೋಡಿಸುವಾಗ ಮಾತ್ರ ಜಗಳವಾಯಿತು. ಎರಡೂ ರೆಕ್ಕೆಗಳು ಮೇಲಕ್ಕೆ ಆರು ಡಿಗ್ರಿ ಎದ್ದಿರಬೇಕು. ‘ಸೊಟ್ಟ ಕಾಣಸ್ತಾವ್ರಿ ಸರ’ ಎಂದು ಒಬ್ಬ ಒತ್ತಿ ನೆಟ್ಟಗೆ ಮಾಡಿಬಿಟ್ಟಿದ್ದ. ವಿಮಾನ ಒಂದು ಕಡೆಗೆ ವಾಲಿ ಜಾರತೊಡಗಿದಾಗ ಕೆಳಗಾದ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ಬಡಿದು ಅದನ್ನೇ ಮೇಲಕ್ಕೆತ್ತುವಂತೆ ಮಾಡಿದ ಉಪಾಯ ಇದು. ಕೋನಮಾಪಕದಿಂದ ರಟ್ಟು ಕತ್ತರಿಸಿ, ಸೀಮೆಸುಣ್ಣದ ಡಬ್ಬಿ ಆಸರೆ ಕೊಟ್ಟು ಒಂದು ರಾತ್ರಿ ಬಿಟ್ಟೆವು. ಇನ್ನು ಸ್ಪಿಟ್‌ಫೈರಿನ ರೆಕ್ಕೆಯ ಚೆಲುವಾದ ಅಂಡಾಕಾರ. ರೆಕ್ಕೆಯ ಉದ್ದಕ್ಕೂ ಎತ್ತುವ ಬಲ ದೀರ್ಘವೃತ್ತದಂತೆ ಹಂಚಿಕೊಂಡರೆ, ಆ ಬಲದ ಬೆಲೆಯಾಗಿ ತೆರಬೇಕಾದ ಎಳೆತ ಅತಿ ಕಡಿಮೆ ಎಂದು ತೋರಿಸಿದವರು ಪ್ರಾಂಟ್ಲ್, ನಮ್ಮ ಘಾಟಗೆಯವರ ಗುರು. ಇಂಗ್ಲೆಂಡಿನ ಆರ್. ಜೆ. ಮಿಚೆಲ್ ಈ ವಿಮಾನವನ್ನು ರೂಪಿಸಿದರು. 1936ರ ಮಾರ್ಚಿನಲ್ಲಿ ಅದು ಮೊದಲು ಹಾರಿತು. ಮರುವರ್ಷವೇ ಮಿಚೆಲ್ ತೀರಿಕೊಂಡರು. ಜರ್ಮನ್ ಗಣಿತ ಇಂಗ್ಲಿಷ್ ರೆಕ್ಕೆಯನ್ನು ವಿವರಿಸುತ್ತದೆ, ಆ ರೆಕ್ಕೆ ಜರ್ಮನ್ನರ ಮೇಲೆಯೇ ಹಾರುತ್ತದೆ. ವಿಜ್ಞಾನಕ್ಕೆ ಪಾಸ್‌ಪೋರ್ಟ್ ಇಲ್ಲ.

ಈ ವಿಮಾನಕ್ಕೆ ಕನ್ನಡದ ನಂಟೂ ಇದೆ. ಯುದ್ಧಕಾಲದಲ್ಲಿ ಸ್ಪಿಟ್‌ಫೈರ್ ಒಂದಕ್ಕೆ 5000 ಪೌಂಡ್ ಎಂದು ಲೆಕ್ಕ ಹಾಕಿ ಬ್ರಿಟನ್ ದೇಣಿಗೆ ಪಡೆಯುತ್ತಿತ್ತು. ಊರುಗಳು, ಸಂಘಗಳು, ಸಂಸ್ಥಾನಗಳು ಹಣ ಕಳಿಸಿದವು. ಹೈದರಾಬಾದಿನ ಹೆಸರಿನ ದಳವಿತ್ತು, ಮೈಸೂರಿನ ಹೆಸರಿನದೂ ಇತ್ತು. 1941ರ ಜೂನಿನಲ್ಲಿ ಕಟ್ಟಿದ ಬ್ರಿಟಿಷ್ ವಾಯುಪಡೆಯ 129ನೇ ದಳದ ಹೆಸರೇ ‘ಮೈಸೂರು’, ಅದರ ಲಾಂಛನ ನಮ್ಮ ಗಂಡಭೇರುಂಡ! ನಮ್ಮ ಭಾಗ ಆಗ ಮೈಸೂರಿನದಲ್ಲ. ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರದು. ಆದರೆ ಸರ್ಕಾರಿ ಕಾಗದಗಳ ಮೇಲೆ ನಿತ್ಯ ಕಾಣುವ ಎರಡು ತಲೆಯ ಹಕ್ಕಿ ಇಂಗ್ಲಿಷ್ ಕಾಲುವೆಯ ಮೇಲೆ ಹಾರಾಡಿದ ದಳದ ಗುರುತಾಗಿತ್ತು ಎಂದಾಗ ಹುಡುಗರ ಕಣ್ಣು ಅರಳಿದವು. ಪೆಟ್ಟಿಗೆಯಲ್ಲಿದ್ದ ಬೇರೆ ದಳದ ಗುರುತುಗಳನ್ನು ಬಿಟ್ಟು, ಉಳಿದ ಅಕ್ಷರಗಳನ್ನು ಕತ್ತರಿಸಿ ಕೂಡಿಸಿ, 129ನೇ ದಳದ ‘ಡಿ.ವಿ.’ ಅಕ್ಷರಗಳನ್ನು ಹಚ್ಚುವುದೆಂದು ಗೊತ್ತಾಯಿತು.

ಬಣ್ಣ ಸಾಲದೆ ಬಂದಾಗ ಬೆಳಗಾವಿಗೆ ಹೊರಟೆ. ಹತ್ತನೆಯ ತರಗತಿಯ ಹುಡುಗನೊಬ್ಬ ಜೊತೆಗೆ ಬಂದ. ಐವರಲ್ಲಿ ಇವನೇ ಕೈಚಳಕದವನು, ದಿನಾ ಬೆಳಗ್ಗೆ ಕಾಲುವೆಯ ದಂಡೆಗುಂಟ ಓಡುವವನು. ಲೋಕಾಪುರ, ಯರಗಟ್ಟಿ ದಾಟಿ ಬಸ್ಸು ಸಾಂಬ್ರಾಕ್ಕೆ ಬಂದಾಗ ವಿಮಾನ ನಿಲ್ದಾಣ ಕಂಡಿತು. 1942ರಲ್ಲಿ ಬ್ರಿಟಿಷರು ಯುದ್ಧಕ್ಕಾಗಿಯೇ ಮಾಡಿದ ನೆಲ ಅದು. ಈಗ ಅಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಇದೆ. ಹುಡುಗ ಕಿಟಕಿಯ ಸರಳಿಗೆ ಹಣೆ ಹಚ್ಚಿ ಗೋಡೆ ಮುಗಿಯುವ ತನಕ ನೋಡಿದ. ‘ಇಲ್ಲೇ ಸೇರಬಹುದೇನ್ರಿ ಸರ?’ ಎಂದ. ಪರೀಕ್ಷೆ ಪಾಸಾದರೆ ಯಾಕಾಗಬಾರದು ಎಂದೆ.

ಈ ಮಾತು ಅವನ ಮನೆ ಮುಟ್ಟಿರಬೇಕು. ವಾರದ ಮೇಲೆ ಅವನ ತಾಯಿ ರೊಟ್ಟಿ, ಶೇಂಗಾ ಹಿಂಡಿ ತಗೊಂಡು ಸಂಜೆ ನಮ್ಮ ಮನೆಗೆ ಬಂದರು. ವಿಮಾನವನ್ನು ಬಾಗಿ ನೋಡಿದರು. ಪೈಲಟನ ಗೊಂಬೆ ಆಗ ಕುರ್ಚಿಯಲ್ಲಿತ್ತು, ಅಂಟಿಸಿರಲಿಲ್ಲ. ಅಡಿಕೆ ಚೂರಿನಷ್ಟು ದೊಡ್ಡದು, ಮುಖಕ್ಕೆ ಮಗನೇ ಸೂಜಿಯ ಮೊನೆಯಿಂದ ಬಣ್ಣ ಹಚ್ಚಿದ್ದ.

‘ಇದರೊಳಗ ಕುಂತಾನಲ್ಲ, ಇಂವಾ ತಿರುಗಿ ಮನಿಗೆ ಬಂದ್ನೇನ್ರಿ ಸರ?’

ಮೂರು ವಾರ ನಾನು ಎತ್ತುವ ಬಲ, ಎಳೆತ, ಘನಫಲ, ದ್ರಾವಕ ಎಲ್ಲ ಹೇಳಿದ್ದೆ. ಗಂಡಭೇರುಂಡದ ಮಾತು ಬಂದಾಗ ದನಿ ಏರಿಸಿಯೂ ಹೇಳಿದ್ದೆ. ರೆಕ್ಕೆಯಲ್ಲಿ ಎರಡು ತೋಪು, ನಾಲ್ಕು ಮಷಿನ್‌ಗನ್ ಇವೆ ಎಂಬುದನ್ನು ಬಿಡಿಭಾಗದ ಸಂಖ್ಯೆಯಾಗಿ ಓದಿಸಿದ್ದೆನೇ ಹೊರತು, ಅವು ಏನು ಮಾಡುತ್ತವೆ ಎಂದು ಒಂದು ಮಾತೂ ಆಡಿರಲಿಲ್ಲ. ‘ಎಲ್ಲಾರೂ ಬರಲಿಲ್ಲ ತಂಗಿ’ ಎಂದೆ. ಅಷ್ಟಕ್ಕೆ ನಿಲ್ಲಿಸುವಂತಿರಲಿಲ್ಲ, ಹುಡುಗರೂ ಕುಳಿತಿದ್ದರು. 1942ರ ಆಗಸ್ಟ್ 19ರಂದು ಫ್ರಾನ್ಸಿನ ಡಿಯೆಪ್ ಎಂಬ ಬಂದರಿನ ಮೇಲೆ ನಡೆದ ದಾಳಿಯ ಸಂಗತಿ ಹೇಳಿದೆ. ಆ ದಿನ 129ನೇ ದಳವೂ ಹಾರಿತ್ತು. ಒಂದೇ ದಿನದಲ್ಲಿ ಬ್ರಿಟನ್ನಿನ ನೂರಕ್ಕೂ ಹೆಚ್ಚು ವಿಮಾನಗಳು ಹೋದವು. ದಡದಲ್ಲಿ ಇಳಿದ ಕೆನಡಾದ ಸೈನಿಕರಲ್ಲಿ ಸತ್ತವರು ಒಂಬೈನೂರಕ್ಕೆ ಮೇಲೆ. ಎದುರಿನ ವಿಮಾನದಲ್ಲಿ ಕುಳಿತವರೂ ಯಾರದೋ ಮಕ್ಕಳೇ. ಅವರಲ್ಲಿ ಅನೇಕರು ನಮ್ಮ ಹತ್ತನೆಯ ತರಗತಿಯ ಹುಡುಗರಿಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೆ.

ಆಕೆ ಸೆರಗು ಸರಿಮಾಡಿಕೊಂಡು, ‘ಕಲಿಸೂದು ಕಲಿಸ್ರಿ, ಇದನ್ನೂ ಕಲಿಸ್ರಿ’ ಎಂದು ಬುತ್ತಿಯ ಬಟ್ಟೆ ಮಡಚಿಕೊಂಡು ಹೋದರು. ಮಗನನ್ನು ಕಳಿಸಬೇಡಿ ಎನ್ನಲಿಲ್ಲ, ಕಳಿಸುತ್ತೇನೆ ಎಂದೂ ಅನ್ನಲಿಲ್ಲ.

ಗೊಂಬೆಯನ್ನು ಒಳಗೆ ಕೂಡಿಸಬೇಕೋ ಬೇಡವೋ ಎಂದು ಹುಡುಗರಲ್ಲಿ ಎರಡು ಪಕ್ಷಗಳಾದವು. ಖಾಲಿ ಕುರ್ಚಿ ಇದ್ದರೆ ಒಳಗಿನ ಗಡಿಯಾರಗಳು ಚೆನ್ನಾಗಿ ಕಾಣುತ್ತವೆ ಎಂಬುದು ಒಂದು ವಾದ. ‘ಇಂವಾ ಇಲ್ಲದ ಇದು ಹಾರೂದಿಲ್ಲ, ಇರ್ಲಿ’ ಎಂದು ಕೊನೆಗೆ ಆ ಹುಡುಗನೇ ಅಂಟಿಸಿದ. ಮೇಲಿನ ಗಾಜನ್ನು ಹಚ್ಚುವ ಕೆಲಸ ಮಾತ್ರ ನಾನು ಕೆಡಿಸಿದೆ. ಅವಸರಕ್ಕೆ, ಬೆರಳೂ ಕಚ್ಚಿಕೊಳ್ಳುವ ಆ ತತ್‌ಕ್ಷಣದ ಗೋಂದು ಬಳಸಿದೆ. ಅದರ ಆವಿ ಗಾಜಿನ ಮೇಲೆ ಕುಳಿತು, ಬೆಳಗಾಗುವಷ್ಟರಲ್ಲಿ ಒಳಗಿದ್ದವನು ಮಂಜಿನಲ್ಲಿ ಮುಳುಗಿದ್ದ. ಮೆಲ್ಲಗೆ ಕಿತ್ತು, ಹಲ್ಲಿನ ಪೇಸ್ಟ್ ಹಾಕಿ ಮೆತ್ತನೆಯ ಅರಿವೆಯಿಂದ ಹುಡುಗರು ಎರಡು ಸಂಜೆ ತಿಕ್ಕಿದ ಮೇಲೆ ಮುಖ ಮತ್ತೆ ಕಂಡಿತು.

ಈಗ ಅದು ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ಇದೆ. ಕೆಳಗಿನ ಚೀಟಿಯಲ್ಲಿ ಅಳತೆ, ವರ್ಷ, ದಳದ ಹೆಸರಿನ ಜೊತೆಗೆ ಡಿಯೆಪ್‌ನ ತಾರೀಖನ್ನೂ ಹುಡುಗರು ಬರೆದಿದ್ದಾರೆ. ಮುಂದಿನದು ಎಚ್‌ಟಿ-2 ಎಂದು ಗೊತ್ತುಮಾಡಿದ್ದೇವೆ. ಪೆಟ್ಟಿಗೆಗೆ ಕಾಯದೆ ಕಟ್ಟಿಗೆಯಲ್ಲಿ ಕೆತ್ತುವುದು. ರೆಕ್ಕೆಯ ಅಗಲ 10.72 ಮೀಟರ್, 72ರಿಂದ ಭಾಗಿಸಿದರೆ ಹದಿನೈದು ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ. ಬಡಿಗೇರರು ಒಂದು ತುಂಡು ತೇಗ ಕೊಟ್ಟಿದ್ದಾರೆ. ಅದರಲ್ಲಿ ಒಂದರ ಹಿಂದೆ ಒಂದು ಎರಡು ಕುರ್ಚಿ, ಕಲಿಯುವವನಿಗೊಂದು, ಕಲಿಸುವವನಿಗೊಂದು. ಕಲಿಸುವವನ ಗೊಂಬೆಗೆ ನನ್ನ ಹಾಗೆ ಬೋಳುತಲೆ ಮಾಡಬೇಕೋ ಬೇಡವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.