ಕಂಡವರು ಯಾರು, ತಡೆಯಬೇಕಾದವರು ಯಾರು

ಎಂ.ಟೆಕ್‌ಗೆ ಸೇರುವ ಮೊದಲು ಒಂದು ವರ್ಷ ಬಿಡುವು ಮಾಡಿಕೊಂಡು ಈ ಕೆಲಸಕ್ಕೆ ಬಂದಿದ್ದೇನೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡ, ಪಾಳಿ ಕೆಲಸ, ಕೊರಳಲ್ಲಿ ಟ್ರೈನಿ ಕಾರ್ಡು. ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್ ಎಂಬ ಉದ್ದದ ಹೆಸರನ್ನು ಇಲ್ಲಿ ಎಲ್ಲರೂ ‘ಸಾಕ್’ ಎನ್ನುತ್ತಾರೆ. ಕಂಪನಿಯ ಅಷ್ಟೂ ಲ್ಯಾಪ್‌ಟಾಪ್, ಸರ್ವರ್‌ಗಳ ಲಾಗ್‌ಗಳು ಒಂದು ಕಡೆ ಬಂದು ಸೇರುತ್ತವೆ. ಸಾಫ್ಟ್‌ವೇರ್‌ಗೆ ಅನುಮಾನ ಬಂದರೆ ಅಲರ್ಟ್ ಎಬ್ಬಿಸುತ್ತದೆ. ಮೊದಲ ಹಂತವಾದ ಎಲ್-ಒನ್‌ನಲ್ಲಿ ಕೂತ ನಾವು ಅದನ್ನು ತೆರೆದು ನೋಡಿ ಮುಚ್ಚಬೇಕು, ಇಲ್ಲವೇ ಮೇಲಿನ ಹಂತವಾದ ಎಲ್-ಟೂಗೆ ಎಸ್ಕಲೇಟ್ ಮಾಡಬೇಕು. ನೋಡನೋಡುತ್ತ ಅರ್ಥವಾಗದೆ ಉಳಿದದ್ದನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ.

*

ಬರುವ ಅಲರ್ಟ್‌ಗಳಲ್ಲಿ ಹೆಚ್ಚಿನವು ಹುಸಿ. ನಡುರಾತ್ರಿ ಒಬ್ಬರು ಬೆಂಗಳೂರಿನಿಂದ ಲಾಗಿನ್ ಆಗುತ್ತಾರೆ. ಕಾಲು ಗಂಟೆ ಕಳೆಯುವುದರೊಳಗೆ ಅದೇ ವ್ಯಕ್ತಿ ಆಮ್‌ಸ್ಟರ್‌ಡ್ಯಾಮ್‌ನಿಂದ. ಹಾಗೆ ಪ್ರಯಾಣ ಮಾಡಲು ಯಾರಿಂದಲೂ ಆಗದು, ಹಾಗಾಗಿ ತೆರೆಯ ಮೇಲೆ ಕೆಂಪು ಪಟ್ಟಿ. ಹುಡುಕಿದರೆ, ಸಂಪರ್ಕವನ್ನು ಬೇರೆ ಊರಿನ ಮೂಲಕ ಹಾಯಿಸುವ ವಿಪಿಎನ್. ಮರುದಿನ ಮತ್ತದೇ. ಕೆಲವು ದಿನಗಳಾದ ಮೇಲೆ ಆ ಹೆಸರು ಕಂಡರೆ ಬೆರಳು ತಾನಾಗಿ ‘ಫಾಲ್ಸ್ ಪಾಸಿಟಿವ್’ ಕಡೆ ಹೋಗುತ್ತದೆ.

ನಿಜವಾದ ಕಳ್ಳ ಅದೇ ಪಾಸ್‌ವರ್ಡ್ ಹಿಡಿದು ಬಂದರೂ ತೆರೆಯ ಮೇಲೆ ಕಾಣುವುದು ಇದೇ ಸಾಲು. ವಾರದ ಮೀಟಿಂಗ್‌ನಲ್ಲಿ ಎಷ್ಟು ಟಿಕೆಟ್ ಮುಚ್ಚಿದೆವು, ಎಷ್ಟು ನಿಮಿಷದಲ್ಲಿ ಮುಚ್ಚಿದೆವು ಎಂಬ ಗ್ರಾಫ್ ತೋರಿಸುತ್ತಾರೆ. ಮುಚ್ಚಿದ್ದರಲ್ಲಿ ಎಷ್ಟು ಸರಿ ಎಂಬ ಗ್ರಾಫ್ ಇಲ್ಲ. ಮುಚ್ಚಿದ ಟಿಕೆಟ್‌ಗಳಲ್ಲಿ ಒಂದಿಷ್ಟನ್ನು ಆರಿಸಿ ಬೇರೊಬ್ಬರು ಮತ್ತೆ ತೆರೆದು ನೋಡುವ ಪದ್ಧತಿ ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

*

ಗೇಟಿನಲ್ಲಿ ಕಾವಲಿನ ಅಣ್ಣ ಪ್ರತಿ ಲ್ಯಾಪ್‌ಟಾಪ್ ತಿರುಗಿಸಿ, ಸೀರಿಯಲ್ ನಂಬರನ್ನು ರಿಜಿಸ್ಟರ್‌ನಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತಾರೆ. ಪೆನ್‌ಡ್ರೈವ್ ಒಳಗೆ ಬಿಡುವುದಿಲ್ಲ. ಸರ್ವರ್ ರೂಮಿಗೆ ನನ್ನ ಕಾರ್ಡು ನಡೆಯುವುದಿಲ್ಲ. ನೆಲ ಒರೆಸುವ ಅಕ್ಕನ ಕಾರ್ಡು ನಡೆಯುತ್ತದೆ. ಅದು ಸರಿಯೇ, ಅಲ್ಲಿಯೂ ಕಸ ಗುಡಿಸಬೇಕಲ್ಲ. ಆದರೆ ಫಿಶಿಂಗ್ ಬಗ್ಗೆ, ಅಪರಿಚಿತರ ಬಗ್ಗೆ ಎಲ್ಲರಿಗೂ ಕೊಡುವ ತರಬೇತಿಯಲ್ಲಿ ಆ ಅಕ್ಕನೂ ಇಲ್ಲ, ಕಾವಲಿನ ಅಣ್ಣನೂ ಇಲ್ಲ. ಗುತ್ತಿಗೆಯವರು ಪಟ್ಟಿಗೆ ಬರುವುದಿಲ್ಲವಂತೆ. ಯಾರ ಕಾರ್ಡಿಗೆ ಹೆಚ್ಚು ಬಾಗಿಲು ತೆರೆಯುತ್ತವೋ ಅವರನ್ನೇ ಹೊರಗಿಟ್ಟು ಎಂಥ ತರಬೇತಿ?

*

ಪಾಸ್‌ವರ್ಡನ್ನು ಮೂರು ತಿಂಗಳಿಗೊಮ್ಮೆ ಬದಲಿಸಲೇಬೇಕು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಇದು ಬೇಡ, ಸೋರಿಕೆಯ ಸುಳಿವು ಸಿಕ್ಕಿದಾಗ ಬದಲಿಸಿದರೆ ಸಾಕು ಎಂದಿತ್ತು. 2003ರಲ್ಲಿ ಮೂಲ ಮಾರ್ಗಸೂಚಿ ಬರೆದ ಬಿಲ್ ಬರ್ ಕೂಡ ಆ ಬಗ್ಗೆ ವಿಷಾದ ಹೇಳಿಕೊಂಡರು. ಜನ ಕೊನೆಯ ಅಂಕಿಯನ್ನಷ್ಟೇ ಒಂದೊಂದಾಗಿ ಏರಿಸುತ್ತಾರೆ. ಎಲ್ಲರಿಗೂ ಗೊತ್ತು. ಆಡಿಟರ್ ಪಟ್ಟಿಯಲ್ಲಿ ಆ ಸಾಲು ಇರುವವರೆಗೆ ಯಾರೂ ಮುಟ್ಟುವುದಿಲ್ಲ.

*

ಈ ವರ್ಷ ನಾನು ನೋಡಿದ ಅತ್ಯುತ್ತಮ ಪತ್ತೇದಾರಿಕೆ ಅಕೌಂಟ್ಸ್ ವಿಭಾಗದ ಒಬ್ಬ ಮೇಡಂ ಅವರದು. ಖಾಯಂ ಸರಬರಾಜುದಾರರ ಹೆಸರಿನಲ್ಲಿ ಮೇಲ್ ಬಂದಿತ್ತು: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ಲಿನ ಹಣ ಹೊಸ ಖಾತೆಗೆ ಹಾಕಿ. ಬಿಲ್ಲು, ಲೆಟರ್‌ಹೆಡ್, ಜಿಎಸ್‌ಟಿ ನಂಬರ್ ಎಲ್ಲ ಸರಿ. ನಮ್ಮ ಮೇಲ್ ಫಿಲ್ಟರ್ ಅದನ್ನು ಒಳಗೆ ಬಿಟ್ಟಿತ್ತು.

ಆಮೇಲೆ ನಾವು ಮೇಲ್ ವಿಳಾಸವನ್ನು ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ಇಂಗ್ಲಿಷಿನ ಎಂ ಅಕ್ಷರ ಇರಬೇಕಾದಲ್ಲಿ ಆರ್ ಮತ್ತು ಎನ್ ಅಂಟಿಕೊಂಡು ಕೂತಿದ್ದವು. ಚಿಕ್ಕ ಅಕ್ಷರಗಳಲ್ಲಿ, ಲ್ಯಾಪ್‌ಟಾಪ್ ತೆರೆಯ ಮೇಲೆ, ಎರಡೂ ಒಂದೇ ಆಕಾರ. ಮೇಡಂ ಅದನ್ನು ಗಮನಿಸಿರಲಿಲ್ಲ. ಅವರಿಗೆ ಅನುಮಾನ ಬಂದದ್ದು ಬೇರೆ ಕಾರಣಕ್ಕೆ. ‘ಅವರು ಯಾವತ್ತೂ ನಮಸ್ತೆ ಮೇಡಂ ಅಂತಲೇ ಶುರು ಮಾಡೋದು ಕಣಪ್ಪ. ಇದರಲ್ಲಿ ಬರೀ ಡಿಯರ್ ಅಂತಿತ್ತು. ಅದಕ್ಕೇ ಫೋನ್ ಮಾಡಿ ಕೇಳಿದೆ.’ ಮೇಲ್‌ನಲ್ಲಿದ್ದ ನಂಬರಿಗೆ ಮಾಡದೆ, ತಮ್ಮ ಹಳೆಯ ಡೈರಿಯಲ್ಲಿದ್ದ ನಂಬರಿಗೆ ಮಾಡಿದ್ದರು. ಖಾತೆ ಬದಲಾಗಿರಲಿಲ್ಲ.

ಅವರು ಕಂಡರು, ಅನುಮಾನಪಟ್ಟರು, ಹಣ ಕಳಿಸದೆ ನಿಲ್ಲಿಸಿದರು. ಮೂರೂ ಒಬ್ಬರದೇ ಕೈಯಲ್ಲಿ ಇದ್ದವು. ನಮ್ಮ ಸಾಕ್‌ನಲ್ಲಿ ಹಾಗಿಲ್ಲ.

*

2013ರ ಟಾರ್ಗೆಟ್ ಪ್ರಕರಣ ಈ ಕೆಲಸಕ್ಕೆ ಬಂದವರೆಲ್ಲ ಓದುವ ಪಾಠ. ಅಮೆರಿಕದ ಆ ಅಂಗಡಿ ಸರಣಿಯ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಎಸಿ, ಫ್ರಿಜ್ ಕೆಲಸದ ಗುತ್ತಿಗೆದಾರ ಕಂಪನಿಯೊಂದರ ಲಾಗಿನ್ ಕದ್ದು ಕಳ್ಳರು ಒಳಹೊಕ್ಕಿದ್ದರು. ಪಾಠದಲ್ಲಿ ಒತ್ತಿ ಹೇಳುವುದು ಇದನ್ನೇ. ನನ್ನ ತಲೆಯಲ್ಲಿ ಕೂತಿರುವುದು ಇನ್ನೊಂದು ಭಾಗ.

2014ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪ್ರಕಟಿಸಿದ ವರದಿಯ ಪ್ರಕಾರ, ಕದ್ದ ವಿವರಗಳನ್ನು ಹೊರಗೆ ಸಾಗಿಸುವ ಮಾಲ್‌ವೇರನ್ನು ಕಳ್ಳರು ನವೆಂಬರ್ 30ರಂದು ಹಾಕಿದಾಗ ಫೈರ್‌ಐ ಕಂಪನಿಯ ಭದ್ರತಾ ಸಾಧನ ಅದನ್ನು ಹಿಡಿದು ಅಲರ್ಟ್ ಕೊಟ್ಟಿತು. ಆ ಅಲರ್ಟ್ ಕಂಡವರು ಟಾರ್ಗೆಟ್‌ನ ಬೆಂಗಳೂರಿನ ತಂಡದವರು. ಅವರು ಮಿನಿಯಾಪೊಲಿಸ್‌ನ ಕೇಂದ್ರ ಕಚೇರಿಗೆ ತಿಳಿಸಿದರು. ಅಲ್ಲಿ ಯಾರೂ ಕದಲಲಿಲ್ಲ. ಮಾಲ್‌ವೇರನ್ನು ತಾನೇ ಅಳಿಸಿಹಾಕುವ ಸೌಲಭ್ಯವೂ ಆ ಸಾಧನದಲ್ಲಿತ್ತು. ಅದನ್ನು ಆಫ್ ಮಾಡಿಟ್ಟಿದ್ದರು. ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆ ಬಂದು ಹೇಳಿದ ಮೇಲೆ ಕಂಪನಿ ತನಿಖೆಗಿಳಿಯಿತು.

ಹಾಗಾದರೆ ನಮ್ಮೂರಿನ ಆ ತಂಡ ತನ್ನ ಕೆಲಸ ಮಾಡಿತೇ? ಕಾಗದದ ಮೇಲೆ ಮಾಡಿತು. ಅಲರ್ಟ್ ಸರಿಯಾಗಿ ನೋಡಿತು, ಸರಿಯಾದವರಿಗೆ ಹೇಳಿತು. ಹೇಳಿದ್ದನ್ನು ಆ ಕಡೆಯವರು ಕಿವಿಗೆ ಹಾಕಿಕೊಳ್ಳದಿದ್ದರೆ ಅಂಥ ಕುರ್ಚಿಯಲ್ಲಿ ಕೂತವನು ಎಷ್ಟು ಸಲ ಹೇಳಬಹುದು? ಎಷ್ಟು ಮೇಲಿನವರಿಗೆ?

ಪಕ್ಕದ ಸೀಟಿನ ಧಾರವಾಡದ ಗೆಳೆಯನನ್ನು ಕೇಳಿದೆ. ‘ಎಸ್ಕಲೇಟ್ ಮಾಡಿದ್ಮ್ಯಾಲ ಟಿಕೆಟ್ ಅವ್ರ ಹೆಸರಿಗೆ ಹೋತಲ್ಲೋ, ಮತ್ಯಾಕ ತಲಿ ಕೆಡಿಸ್ಕೊಳ್ತಿ’ ಎಂದ. ಸ್ವಲ್ಪ ಹೊತ್ತು ಬಿಟ್ಟು ಅವನೇ, ‘ಖರೆ ಹೇಳ್ಬೇಕಂದ್ರ, ನಾ ಅಂತೂ ಎರಡನೇ ಸಲ ಫೋನ್ ಮಾಡ್ತೇನಿ’ ಎಂದ. ಅವನ ಮೇಲೆ ನನಗೆ ಗೌರವ ಹೆಚ್ಚಿತು. ಆದರೆ ಎರಡನೇ ಫೋನು ನಮ್ಮ ಪ್ಲೇಬುಕ್‌ನ ಯಾವ ಪುಟದಲ್ಲೂ ಇಲ್ಲ. ಮಾಡುವವನ ಸ್ವಭಾವದ ಮೇಲೆ ನಿಂತಿದೆ.

*

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಿಂಟು ನಮ್ಮ ಗೋಡೆಯ ಮೇಲಿದೆ. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು. ಮೊದಲು ಓದಿದಾಗ ಗಡಿಯಾರದ್ದು ಸಣ್ಣ ವಿಷಯ ಅನ್ನಿಸಿತ್ತು. ಎರಡು ಸರ್ವರ್‌ಗಳ ಗಡಿಯಾರದಲ್ಲಿ ಏಳು ನಿಮಿಷ ವ್ಯತ್ಯಾಸವಿದ್ದರೆ, ಫೈಲು ಕಳುವಾದ ಮೇಲೆ ಕಳ್ಳ ಲಾಗಿನ್ ಆದಂತೆ ಕಾಣುತ್ತದೆ. ತನಿಖೆಯೇ ತಲೆಕೆಳಗು.

ಮುಖ್ಯವಾದ ಸಾಲು: ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಯಾರ ಗಮನಕ್ಕೆ? ರಾತ್ರಿ ಎರಡಕ್ಕೆ ನನ್ನ ತೆರೆಯ ಮೇಲೆ ಬಂದದ್ದು ಕಂಪನಿಯ ಗಮನಕ್ಕೆ ಬಂದಂತೆಯೇ? ಎಲ್-ಟೂ ಹೌದೆಂದಾಗಲೇ? ವಕೀಲರು, ಮ್ಯಾನೇಜರು ಕೂತು ಇದು ಘಟನೆಯೇ ಎಂದು ಒಪ್ಪಿದಾಗಲೇ? ಪಾಳಿ ಮುಖ್ಯಸ್ಥರನ್ನು ಕೇಳಿದೆ. ‘ನೀನು ಕಂಡ ಹೊತ್ತಿನಿಂದಲೇ ಲೆಕ್ಕ ಅಂದುಕೊಂಡು ಕೆಲಸ ಮಾಡು. ಉಳಿದವರು ಏನಾದರೂ ಅಂದುಕೊಳ್ಳಲಿ’ ಎಂದರು. ಇಷ್ಟು ನೇರವಾದ ಉತ್ತರ ಇಲ್ಲಿ ಅಪರೂಪ.

*

ಹಾಗಾದರೆ ಕಂಡವನಿಗೇ ತಡೆಯುವ ಅಧಿಕಾರ ಕೊಡಬಾರದೇಕೆ? ಅರ್ಧ ಕೊಟ್ಟಿದ್ದಾರೆ. ಅನುಮಾನ ಬಂದ ಲ್ಯಾಪ್‌ಟಾಪನ್ನು ಎಲ್-ಒನ್ ಒಂದು ಗುಂಡಿ ಒತ್ತಿ ನೆಟ್‌ವರ್ಕ್‌ನಿಂದ ಬೇರ್ಪಡಿಸಬಹುದು. ಸರ್ವರ್ ಮುಟ್ಟುವಂತಿಲ್ಲ.

ಮೊದಲು ಇದು ಅಪನಂಬಿಕೆ ಅನ್ನಿಸುತ್ತಿತ್ತು. ಈಗ ಅಷ್ಟು ಖಚಿತವಾಗಿ ಹೇಳಲಾರೆ. 2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ದೋಷದ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಸುಮಾರು ಒಂದೂಕಾಲು ಗಂಟೆಯಲ್ಲೇ ಅದನ್ನು ಹಿಂದೆ ಪಡೆದರು, ಆದರೂ ಆಗುವುದು ಆಗಿಹೋಗಿತ್ತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಿಂದ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಅದು ಕಳ್ಳರ ಕೆಲಸವಲ್ಲ, ಕಾವಲಿನ ಸಾಫ್ಟ್‌ವೇರಿನದೇ. ಸಂಬಳ ಹಾಕುವ ದಿನ, ಹುಸಿ ಅಲರ್ಟ್ ನಂಬಿ, ಸಂಬಳದ ಸರ್ವರನ್ನೇ ಯಾರಾದರೂ ಕತ್ತರಿಸಿದರೆ ಸಾವಿರಾರು ಮನೆಗಳ ಕಂತು ತಪ್ಪುತ್ತದೆ.

ಸರ್ವರ್ ಕತ್ತರಿಸುವ ಅಧಿಕಾರ ಬೇಡ ಎಂದಾದರೆ, ಪ್ರತಿ ಸರ್ವರಿಗೂ ರಾತ್ರಿ ಎರಡಕ್ಕೆ ಫೋನ್ ಎತ್ತಿ ಹೌದು ಇಲ್ಲವೇ ಬೇಡ ಎನ್ನುವ ಒಬ್ಬ ಮನುಷ್ಯನ ಹೆಸರಾದರೂ ಬೇಕು. ಪಾಳಿ ಮುಖ್ಯಸ್ಥರಿಗೆ ಇದನ್ನು ಹೇಳಿದಾಗ ಸರ್ವರ್‌ಗಳ ಪಟ್ಟಿ ತೆಗೆದು ತೋರಿಸಿದರು. ‘ಹೊಣೆಗಾರರು’ ಎಂಬ ಅಂಕಣದಲ್ಲಿ ಹಲವು ಖಾಲಿ ಮನೆಗಳಿದ್ದವು, ಕೆಲವುಗಳಲ್ಲಿ ಕೆಲಸ ಬಿಟ್ಟುಹೋದವರ ಹೆಸರಿತ್ತು. ಭರ್ತಿ ಮಾಡುವ ಕೆಲಸ ನನಗೇ ಬಂತು. ವಿಭಾಗದಿಂದ ವಿಭಾಗಕ್ಕೆ ಪಟ್ಟಿ ಹಿಡಿದು ಹೋಗುತ್ತಿದ್ದೇನೆ. ಅಕೌಂಟ್ಸ್ ಮೇಡಂ ತಮ್ಮದಕ್ಕೆ ಮನೆ ಫೋನ್ ನಂಬರನ್ನೂ ಬರೆಸಿದ್ದಾರೆ. ಮೂರು ಸರ್ವರ್‌ಗಳನ್ನು ಇನ್ನೂ ಯಾರೂ ತಮ್ಮದೆಂದು ಒಪ್ಪಿಕೊಂಡಿಲ್ಲ.