ತೊಟ್ಟಿಲ ಬಳಿ ಕುಳಿತವಳು

ಪ್ಯಾರಿಸ್ ಎಂದೊಡನೆ ನಿಮಗೆ ಐಫೆಲ್ ಗೋಪುರ ನೆನಪಾಗಬಹುದು. ಎಂದಾದರೂ ಅಲ್ಲಿಗೆ ಹೋಗುವ ಅವಕಾಶ ಒದಗಿದರೆ ಸೇನ್ ನದಿಯ ದಂಡೆಯಲ್ಲಿರುವ ಓರ್ಸೇ ಮ್ಯೂಸಿಯಂಗೂ ಅರ್ಧ ದಿನ ತೆಗೆದಿಡಿ. ಸೋಮವಾರ ಮಾತ್ರ ಬೇಡ, ಅಂದು ರಜೆ. ಇದು ಮೊದಲು ರೈಲು ನಿಲ್ದಾಣವಾಗಿತ್ತು. 1900ರ ವಿಶ್ವ ವಸ್ತುಪ್ರದರ್ಶನಕ್ಕೆಂದು ಕಟ್ಟಿದ್ದು. ಮುಂದೆ ರೈಲುಗಳು ಉದ್ದವಾದವು, ಪ್ಲಾಟ್‌ಫಾರಂ ಸಾಲದಾಯಿತು. 1986ರಲ್ಲಿ ಅದೇ ಕಟ್ಟಡ ಮ್ಯೂಸಿಯಂ ಆಯಿತು. ಕಮಾನಿನ ಗಾಜಿನ ಮಾಡು, ದೊಡ್ಡ ಗಡಿಯಾರ ಎಲ್ಲವೂ ಹಾಗೆಯೇ ಉಳಿದಿವೆ.

ನಮಗೆ ಸಿಕ್ಕಿದ ಗೈಡ್ ವಯಸ್ಸಾದ ಮಹಿಳೆ. "ಒಂದೂವರೆ ಗಂಟೆಯಲ್ಲಿ ಹತ್ತೇ ಚಿತ್ರ ತೋರಿಸುತ್ತೇನೆ. ಮತ್ತೂ ಕಾಲಲ್ಲಿ ಶಕ್ತಿ ಉಳಿದಿದ್ದರೆ ಉಳಿದವನ್ನು ನೀವೇ ನೋಡಿ" ಎಂದರು. ಅವರ ಇಂಗ್ಲಿಷ್ ನನಗೆ ಹಿಡಿಯದಾದಲ್ಲಿ ಮಗಳು ಕಿವಿಯಲ್ಲಿ ಹೇಳುತ್ತಿದ್ದಳು. ಫ್ರಾನ್ಸಿನ ಸರಕಾರಿ ಶಾಲೆಗಳಲ್ಲಿ 2004ರಿಂದ ಸ್ಕಾರ್ಫ್‌ಗೆ ನಿಷೇಧವಿರುವುದರಿಂದ ಬಾಗಿಲಲ್ಲಿ ಸ್ವಲ್ಪ ಅಳುಕಿತ್ತು. ಆದರೆ ಬ್ಯಾಗ್ ಪರೀಕ್ಷಿಸಿ ಒಳಗೆ ಬಿಟ್ಟರು, ಅಷ್ಟೇ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವು ಕೋಣೆಗಳಲ್ಲಿ ನಗ್ನ ಚಿತ್ರಗಳಿವೆ. ನಾನು ದೃಷ್ಟಿ ತಗ್ಗಿಸಿ ದಾಟಿದೆ. ಅದಕ್ಕೆಂದು ಇಡೀ ಮ್ಯೂಸಿಯಂ ಬಿಟ್ಟಿದ್ದರೆ ನಷ್ಟ ನನ್ನದೇ ಆಗುತ್ತಿತ್ತು.

ಇಂಪ್ರೆಶನಿಸ್ಟರ ಚಿತ್ರಗಳಿರುವುದು ಮೇಲಿನ ಐದನೇ ಮಹಡಿಯಲ್ಲಿ. ಈ ಚಿತ್ರಕಾರರು ರಾಜರನ್ನೂ ಯುದ್ಧಗಳನ್ನೂ ಬಿಟ್ಟು ಹೊಲ, ನದಿ, ಬೀದಿ, ಅಡುಗೆಮನೆಯ ಬೆಳಕನ್ನು ಹಿಡಿಯಲು ಹೊರಟವರು. ಮೊದಲು ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರಂತೆ. 1841ರಲ್ಲಿ ತವರದ ಟ್ಯೂಬ್ ಬಂದ ಮೇಲೆ ಬಣ್ಣವನ್ನು ಚೀಲಕ್ಕೆ ಹಾಕಿಕೊಂಡು ಹೊಲಕ್ಕೆ ನಡೆಯುವುದು ಸುಲಭವಾಯಿತು. ಸರಕಾರಿ ಪ್ರದರ್ಶನದವರು ಇವರ ಚಿತ್ರಗಳನ್ನು ಮತ್ತೆ ಮತ್ತೆ ತಿರಸ್ಕರಿಸಿದ್ದರಿಂದ 1874ರಲ್ಲಿ ತಾವೇ ಒಂದು ಪ್ರದರ್ಶನ ನಡೆಸಿದರು. ಕ್ಲೋದ್ ಮೊನೆಯ ಒಂದು ಚಿತ್ರದ ಹೆಸರು ಹಿಡಿದು ಪತ್ರಿಕೆಯವನೊಬ್ಬ ಗೇಲಿ ಮಾಡಿದ. ಆ ಗೇಲಿಯೇ ಹೆಸರಾಗಿ ನಿಂತಿತು.

ಆ ಪ್ರದರ್ಶನದ ಸುಮಾರು ಮೂವತ್ತು ಮಂದಿಯಲ್ಲಿ ಹೆಣ್ಣು ಒಬ್ಬಳೇ, ಬೆರ್ತ್ ಮೊರಿಸೊ. ಅಂದು ಅವಳು ಇಟ್ಟ ಚಿತ್ರಗಳಲ್ಲಿ 1872ರಲ್ಲಿ ಬಿಡಿಸಿದ 'ತೊಟ್ಟಿಲು' ಕೂಡ ಇತ್ತು. ಗೈಡ್ ಅದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲಿಸಿದರು.

ಸಹೋದರಿಯರೇ, ಅದು ದೊಡ್ಡ ಚಿತ್ರವೇನಲ್ಲ, ನಮ್ಮ ಮನೆಯ ಕನ್ನಡಿಯಷ್ಟು. ಕಪ್ಪು ಉಡುಪಿನ ತಾಯಿ ಗಲ್ಲಕ್ಕೆ ಕೈಯೂರಿ ಮಲಗಿದ ಮಗುವನ್ನು ನೋಡುತ್ತಿದ್ದಾಳೆ. ಮಗುವಿನ ಮೇಲೆ ಸೊಳ್ಳೆಪರದೆಯಂತಹ ತೆಳು ಬಿಳಿಯ ಪರದೆ. ಇನ್ನೊಂದು ಕೈಯಲ್ಲಿ ಅದರ ಅಂಚನ್ನು ಹಿಡಿದಿದ್ದಾಳೆ. ಮಗು ನಮಗೆ ಪರದೆಯ ಮೂಲಕ ಮಸುಕಾಗಿಯೇ ಕಾಣುತ್ತದೆ. ತಾಯಿಯ ಮುಖದಲ್ಲಿ ಪ್ರೀತಿಯಿದೆ. ದಣಿವೂ ಇದೆ. ಇನ್ನೇನೋ ಇದೆ ಎಂದು ನನಗನ್ನಿಸಿತು.

ಅವಳು ಬೆರ್ತ್‌ಳ ಅಕ್ಕ ಎಡ್ಮಾ. ಅಕ್ಕ-ತಂಗಿ ಒಟ್ಟಿಗೆ ಚಿತ್ರ ಕಲಿತವರು. 1864ರಲ್ಲಿ ಸರಕಾರಿ ಪ್ರದರ್ಶನದಲ್ಲಿ ಇಬ್ಬರ ಚಿತ್ರಗಳೂ ಇದ್ದವು. ಪ್ಯಾರಿಸ್ಸಿನ ಸರಕಾರಿ ಕಲಾಶಾಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1897ರಲ್ಲಿ. ಆದ್ದರಿಂದ ಇವರದೆಲ್ಲ ಮನೆಪಾಠ. 1869ರಲ್ಲಿ ಎಡ್ಮಾಳಿಗೆ ನೌಕಾಪಡೆಯ ಅಧಿಕಾರಿಯೊಂದಿಗೆ ಮದುವೆಯಾಯಿತು. ಕುಂಚ ಕೆಳಗಿಟ್ಟಳು. ಯಾರೂ ಬಲವಂತ ಮಾಡಿದ್ದಲ್ಲ, ಹಾಗೆಯೇ ಬಿಟ್ಟುಹೋಯಿತು. ನಮ್ಮಲ್ಲಿ ಎಷ್ಟು ಮಂದಿಗೆ ಹಾಗಾಗಿಲ್ಲ? ಬಣ್ಣದ ವಾಸನೆಗಾಗಿ ಮನಸ್ಸು ಹಾತೊರೆಯುತ್ತದೆಂದು ತಂಗಿಗೆ ಕಾಗದ ಬರೆಯುತ್ತಿದ್ದಳಂತೆ.

ಬೆರ್ತ್ 1874ರಲ್ಲಿ ಮದುವೆಯಾದಳು, ಮಗಳನ್ನು ಹೆತ್ತಳು, ಆದರೆ ಚಿತ್ರ ಬಿಡಲಿಲ್ಲ. ಗೆಳೆಯರ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಪಾಲ್ಗೊಂಡಳು. ತಪ್ಪಿದ್ದು ಮಗಳು ಹುಟ್ಟಿದ ಮರುವರ್ಷದ ಒಂದು ಮಾತ್ರ. 1895ರಲ್ಲಿ ಕಾಯಿಲೆ ಬಿದ್ದ ಮಗಳ ಆರೈಕೆ ಮಾಡುತ್ತಾ ತಾನೂ ಕಾಯಿಲೆ ಬಿದ್ದು 54ನೇ ವಯಸ್ಸಿನಲ್ಲಿ ತೀರಿಕೊಂಡಳು. ಮರಣಪತ್ರದಲ್ಲಿ ಉದ್ಯೋಗದ ಜಾಗದಲ್ಲಿ ಏನು ಬರೆದರು ಗೊತ್ತೇ? 'ಇಲ್ಲ' ಎಂದು. ಗೈಡ್ ಇದನ್ನು ಹೇಳಿದಾಗ ಗುಂಪಿನ ಗಂಡಸರು ನಕ್ಕರು. ನಾವು ಹೆಂಗಸರು ನಗಲಿಲ್ಲ. ಅರ್ಜಿ ಫಾರಂಗಳಲ್ಲಿ ಆ ಕಾಲಂ ಬಂದಾಗ ನಮ್ಮ ಪೆನ್ನೂ ಒಂದು ಕ್ಷಣ ನಿಲ್ಲುತ್ತದಲ್ಲ!

'ತೊಟ್ಟಿಲು' ಅಂದು ಮಾರಾಟವಾಗಲಿಲ್ಲ. 1930ರಲ್ಲಿ ಲೂವ್ರ್ ಮ್ಯೂಸಿಯಂ ಕೊಳ್ಳುವವರೆಗೂ ಕುಟುಂಬದಲ್ಲೇ ಇತ್ತು.

ನನ್ನ ಅಕ್ಕ ಮದುವೆಗೆ ಮುಂಚೆ ಊರಿಗೆಲ್ಲ ಮದರಂಗಿ ಹಾಕುತ್ತಿದ್ದವಳು. ಬಳ್ಳಿ, ಹೂವುಗಳ ಎರಡು ನೋಟ್‌ಬುಕ್ ತುಂಬಿಸಿದ್ದಳು. ಐದು ಮಕ್ಕಳ ತಾಯಿಯಾದ ಮೇಲೆ ಅವು ಅಟ್ಟ ಸೇರಿದವು. ಮ್ಯೂಸಿಯಂನ ಅಂಗಡಿಯಲ್ಲಿ ಆ ಚಿತ್ರದ ಒಂದು ಪೋಸ್ಟ್‌ಕಾರ್ಡ್ ಕೊಂಡು ಅವಳಿಗೆ ತಂದುಕೊಟ್ಟೆ. ಎಡ್ಮಾಳ ಕಥೆಯನ್ನೇನೂ ಹೇಳಲಿಲ್ಲ. ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಮಗು ಮಲಗಿ ಎಷ್ಟೋ ಹೊತ್ತಾಗಿದೆ. ಇವಳಿಗೆ ಏಳಲು ಮನಸ್ಸಿಲ್ಲ, ಕೂರಲೂ ಮನಸ್ಸಿಲ್ಲ" ಎಂದಳು.

ಮನುಷ್ಯರ ಚಿತ್ರವನ್ನು ಗೋಡೆಗೆ ತೂಗುಹಾಕುವ ರೂಢಿ ಅವರ ಮನೆಯಲ್ಲಿಲ್ಲ. ಕಳೆದ ತಿಂಗಳು ಹೋದಾಗ ಕೇಳಿದೆ. ಅಟ್ಟದಿಂದ ಮದರಂಗಿಯ ನೋಟ್‌ಬುಕ್ ಇಳಿಸಿ ಅದರೊಳಗೆ ಇಟ್ಟಿದ್ದಾಳಂತೆ.